ಉದರ ಕಿರಿದಾದ ಮೇಲೂ ಉಳಿಯುವ ಆಸೆ



ವ್ರತೋಪವಾಸಗಳ ವಿಚಾರವನ್ನು ಎತ್ತಿಕೊಂಡಾಗ ನಾವು ಸಾಮಾನ್ಯವಾಗಿ ಆರೋಗ್ಯವಂತನಾದ ಶ್ರಾವಕನನ್ನೇ ಕಣ್ಣ ಮುಂದಿಟ್ಟುಕೊಂಡು ಮಾತನಾಡುತ್ತೇವೆ. ಅಷ್ಟಮಿ ಚತುರ್ದಶಿಗಳಲ್ಲಿ ಏಕಾಶನ, ಪರ್ವದ ದಿನ ಉಪವಾಸ, ಸೂರ್ಯಾಸ್ತದ ನಂತರ ಆಹಾರತ್ಯಾಗ, ಇವೆಲ್ಲ ಅವನಿಗಾಗಿ ಹೇಳಿದ ಮಾತುಗಳು. ಆದರೆ ಇಂದು ನಮ್ಮ ಮನೆಗಳಲ್ಲಿ ಬೇರೊಂದು ಸ್ಥಿತಿಯ ಶ್ರಾವಕ ಶ್ರಾವಿಕೆಯರೂ ಇದ್ದಾರೆ. ದೇಹದ ತೂಕ ಮಿತಿಮೀರಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲಿನ ಬೇನೆಗಳು ಒಂದರ ಬೆನ್ನಿಗೊಂದು ಬಂದು, ವೈದ್ಯರ ಸಲಹೆಯಂತೆ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡವರು ಅವರು. ಮೊದಲ ವರ್ಷ ತೂಕ ಇಳಿಯುತ್ತದೆ, ಕಂಡವರೆಲ್ಲ ಹೊಗಳುತ್ತಾರೆ. ಎರಡನೆಯ ವರ್ಷವೋ ಮೂರನೆಯ ವರ್ಷವೋ ಹಳೆಯ ಆಸೆ ಮರಳಿ ಬರುತ್ತದೆ. ಇಳಿದ ತೂಕದಲ್ಲಿ ಸ್ವಲ್ಪ ಭಾಗ ಮತ್ತೆ ಏರುತ್ತದೆ. ಆಗ ಅವರ ಮನಸ್ಸಿನಲ್ಲಿ ಒಂದು ದಾರುಣವಾದ ಪ್ರಶ್ನೆ ಹುಟ್ಟುತ್ತದೆ: "ಹೊಟ್ಟೆಯನ್ನೇ ಕೊಯ್ಯಿಸಿಕೊಂಡರೂ ಆಸೆ ಹೋಗಲಿಲ್ಲವಲ್ಲ, ನನ್ನಂಥ ದುರ್ಬಲನಿಗೆ ವ್ರತದ ಅಧಿಕಾರ ಉಂಟೆ?"

ಈ ಪ್ರಶ್ನೆಯನ್ನು ಲಘುವಾಗಿ ಕಾಣಬಾರದು. ಇದಕ್ಕೆ ಸರಿಯಾದ ಉತ್ತರ ದೊರೆಯದೆ ಹೋದರೆ ಒಬ್ಬನು ನಿರಾಶನಾಗಿ ಎಲ್ಲ ನಿಯಮವನ್ನೂ ಬಿಟ್ಟುಬಿಡುತ್ತಾನೆ. ಇನ್ನೊಬ್ಬನು ತನ್ನನ್ನು ತಾನೇ ಶಿಕ್ಷಿಸಿಕೊಳ್ಳಲು ನಿರ್ಜಲ ಉಪವಾಸಕ್ಕೆ ಕುಳಿತು ಪ್ರಾಣಕ್ಕೇ ಅಪಾಯ ತಂದುಕೊಳ್ಳುತ್ತಾನೆ. ಆದುದರಿಂದ ಇದನ್ನು ಆಗಮದ ಬೆಳಕಿನಲ್ಲಿ ನಿಧಾನವಾಗಿ ವಿಚಾರ ಮಾಡೋಣ.

ಶಸ್ತ್ರವು ಮುಟ್ಟುವುದು ಎಷ್ಟನ್ನು?

ಈ ಚಿಕಿತ್ಸೆಯಲ್ಲಿ ಹೆಚ್ಚಾಗಿ ನಡೆಯುವುವು ಎರಡು ಬಗೆ. ಸ್ಲೀವ್ ಎಂಬ ಬಗೆಯಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಕಡಿಮೆಯಿಲ್ಲದಷ್ಟು ಭಾಗವನ್ನು ತೆಗೆದು, ಉಳಿದುದನ್ನು ಬಾಳೆಕಾಯಿಯಂತಹ ಕಿರಿದಾದ ಕೊಳವೆಯಾಗಿ ಮಾಡುತ್ತಾರೆ. ಬೈಪಾಸ್ ಎಂಬ ಬಗೆಯಲ್ಲಿ ಜಠರದ ಮೇಲ್ತುದಿಯಲ್ಲಿ ಸಣ್ಣ ಚೀಲವೊಂದನ್ನು ರಚಿಸಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಅಮೇರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ೧೯೬೬ರಲ್ಲಿ ಈ ಎರಡನೆಯ ಬಗೆಯ ಮೂಲರೂಪವನ್ನು ಆರಂಭಿಸಿದರು. ಹಸಿವನ್ನು ಎಬ್ಬಿಸುವ ಘ್ರೆಲಿನ್ ಎಂಬ ರಸವೊಂದನ್ನು ೧೯೯೯ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದರು. ಅದು ಬಹುಮಟ್ಟಿಗೆ ಜಠರದ ಮೇಲ್ಭಾಗದಲ್ಲಿ ಉತ್ಪನ್ನವಾಗುವುದರಿಂದ, ಸ್ಲೀವ್ ಚಿಕಿತ್ಸೆಯ ನಂತರ ಅದರ ಪ್ರಮಾಣವೂ ತಗ್ಗುತ್ತದೆ. ಮೊದಲ ತಿಂಗಳುಗಳಲ್ಲಿ ಹಸಿವೇ ಇಲ್ಲವೆಂದು ಅನೇಕರು ಹೇಳುವುದಕ್ಕೆ ಇದೂ ಒಂದು ಕಾರಣ.

ಕಾಲ ಕಳೆದಂತೆ ದೇಹವು ಹೊಸ ಸ್ಥಿತಿಗೆ ಹೊಂದಿಕೊಳ್ಳುತ್ತದೆ. ತೂಕ ಇಳಿದ ದೇಹಕ್ಕೆ ಮೊದಲಿನಷ್ಟು ಶಕ್ತಿ ಬೇಕಾಗುವುದಿಲ್ಲ. ಕಳೆದುಕೊಂಡುದನ್ನು ಮರಳಿ ಪಡೆಯಲು ಅದು ಒಳಗಿನಿಂದಲೇ ಹವಣಿಸುತ್ತದೆ. ಹೀಗಾಗಿ ಕೆಲವು ವರ್ಷಗಳ ಮೇಲೆ ಸ್ವಲ್ಪ ತೂಕ ಮರಳುವುದು ಬಹುಜನರಲ್ಲಿ ಕಂಡುಬರುವ ಸಂಗತಿ. ಅದೆಲ್ಲವನ್ನೂ ಆ ವ್ಯಕ್ತಿಯ ಪಾಪದ ಲೆಕ್ಕಕ್ಕೆ ಬರೆಯುವುದು ಅಜ್ಞಾನ. ದೇಹದ ಧರ್ಮ ಯಾವುದು, ಮನಸ್ಸಿನ ಮೋಹ ಯಾವುದು ಎಂಬ ವಿವೇಕ ಮೊದಲು ಬೇಕು.

ಆಹಾರಸಂಜ್ಞೆಯ ನಾಲ್ಕು ಕಾರಣಗಳು

ಈ ವಿವೇಕವನ್ನು ನಮಗೆ ಗೊಮ್ಮಟಸಾರವು ಕೊಡುತ್ತದೆ. ಗಂಗರ ಸಚಿವನಾದ ಚಾವುಂಡರಾಯನ ನಿಮಿತ್ತವಾಗಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ರಚಿಸಿದ ಗ್ರಂಥವದು. ಆ ಪರಂಪರೆಯು ನಮ್ಮ ಸೀಮೆಗೆ ದೂರದ್ದಲ್ಲ. ಚಾವುಂಡರಾಯನಿಗೆ ಗುರುಗಳಾಗಿದ್ದ ಅಜಿತಸೇನಾಚಾರ್ಯರು ನೆಲೆಸಿದ್ದುದು ಇಂದು ನಮ್ಮ ಹಾವೇರಿ ಜಿಲ್ಲೆಗೇ ಸೇರಿರುವ ಬಂಕಾಪುರದಲ್ಲಿ. ಚಾವುಂಡರಾಯನ ಒಡೆಯನಾದ ಮಾರಸಿಂಹನು ಅವರ ಸನ್ನಿಧಿಯಲ್ಲಿಯೇ ಸಲ್ಲೇಖನವನ್ನು ಕೈಕೊಂಡನೆಂದು ಶ್ರವಣಬೆಳಗೊಳದ ಶಾಸನವು ಸಾರುತ್ತದೆ.

ಗೊಮ್ಮಟಸಾರದ ಜೀವಕಾಂಡದಲ್ಲಿ ಆಹಾರಸಂಜ್ಞೆಯು ಹುಟ್ಟಲು ನಾಲ್ಕು ಕಾರಣಗಳನ್ನು ಹೇಳಿದೆ. ಆಹಾರವನ್ನು ಕಾಣುವುದು ಒಂದು. ಅದರ ಕಡೆಗೆ ಉಪಯೋಗವನ್ನು ಹರಿಸುವುದು, ಎಂದರೆ ಅದನ್ನೇ ನೆನೆಯುವುದು ಎರಡನೆಯದು. ಹೊಟ್ಟೆ ಬರಿದಾಗಿರುವುದು ಮೂರನೆಯದು. ಅಸಾತಾವೇದನೀಯ ಕರ್ಮದ ಉದೀರಣೆಯು ನಾಲ್ಕನೆಯದು.

ಈಗ ವಿಚಾರ ಮಾಡಿರಿ. ವೈದ್ಯನ ಶಸ್ತ್ರವು ಈ ನಾಲ್ಕರಲ್ಲಿ ಯಾವುದನ್ನು ಮುಟ್ಟಿತು? ಮೂರನೆಯದನ್ನು ಮಾತ್ರ. ಕಣ್ಣು ಕಾಣುವುದನ್ನು ಬಿಟ್ಟಿಲ್ಲ. ಮನಸ್ಸು ನೆನೆಯುವುದನ್ನು ಬಿಟ್ಟಿಲ್ಲ. ಕರ್ಮದ ಉದಯವಂತೂ ಶಸ್ತ್ರಕ್ಕೆ ನಿಲುಕುವುದೇ ಅಲ್ಲ. ನಾಲ್ಕು ಬಾಗಿಲ ಮನೆಯಲ್ಲಿ ಒಂದು ಬಾಗಿಲನ್ನು ಭದ್ರಪಡಿಸಿ, ಉಳಿದ ಮೂರನ್ನು ತೆರೆದಿಟ್ಟು, ಕಳ್ಳನು ಹೇಗೆ ಬಂದನೆಂದು ಆಶ್ಚರ್ಯಪಟ್ಟರೆ ಏನು ಪ್ರಯೋಜನ?

ರಾಣೆಬೆನ್ನೂರಿನಲ್ಲಿ ಸಂಜೆಯಾಗುತ್ತಲೇ ಬೀದಿಯ ಬಾಣಲೆಗಳಲ್ಲಿ ಮಿರ್ಚಿ ಭಜಿ ತೇಲತೊಡಗುತ್ತದೆ; ಗಿರ್ಮಿಟ್ಟಿನ ಒಗ್ಗರಣೆಯ ವಾಸನೆ ಅಂಗಡಿಯ ಗಲ್ಲೆಯವರೆಗೂ ಬರುತ್ತದೆ. ಆಗ ನಾಲಗೆಯಲ್ಲಿ ನೀರೂರಿದರೆ ಅದು ಉದರದ ಕರೆಯಲ್ಲ. ನಮ್ಮ ನೆರೆಯ ಬ್ಯಾಡಗಿಯ ಮೆಣಸಿನಕಾಯಿಯನ್ನು ನೋಡಿರಿ. ಅದರ ಕಡುಗೆಂಪು ಬಣ್ಣಕ್ಕೆ ಹೆದರಿ ಹೊರಗಿನವನು ಬಾಯಿಗಿಡಲು ಅಂಜುತ್ತಾನೆ. ತಿಂದವನಿಗೆ ಗೊತ್ತು, ಬಣ್ಣವಿರುವಷ್ಟು ಖಾರ ಅದರಲ್ಲಿಲ್ಲ. ಬಯಕೆಯೂ ಹಾಗೆಯೇ. ದೂರದಿಂದ ಅದು ಕೆಂಡದಂತೆ ಕಾಣುತ್ತದೆ; ಸ್ವಲ್ಪ ಹೊತ್ತು ಎದುರಿಗೆ ನಿಂತು, ಇದು ಹಸಿವೋ ಅಥವಾ ನೆನಪೋ ಎಂದು ಪರೀಕ್ಷಿಸಿದರೆ ಅದರ ಕಾವು ಬಹಳ ಸಲ ತಾನಾಗಿ ಇಳಿಯುತ್ತದೆ. ಹಸಿವು ವೇದನೀಯದ ಫಲ. ಆಸೆಯು ಮೋಹನೀಯದ ಫಲ. ಮೊದಲನೆಯದಕ್ಕೆ ಮಿತವಾದ ಅನ್ನವೇ ಔಷಧ. ಎರಡನೆಯದಕ್ಕೆ ಅನ್ನವನ್ನು ಎಷ್ಟು ಸುರಿದರೂ ತೃಪ್ತಿಯಿಲ್ಲ.

ಸಮಂತಭದ್ರಾಚಾರ್ಯರ ಭಸ್ಮಕ ರೋಗ

ಆಹಾರದ ವಿಷಯದಲ್ಲಿ ದೇಹದಿಂದ ಸೋತವನು ಧರ್ಮದಿಂದ ಪತಿತನಾದನೆಂದು ತಿಳಿಯುವವರು ಸ್ವಾಮಿ ಸಮಂತಭದ್ರಾಚಾರ್ಯರ ಚರಿತೆಯನ್ನು ನೆನೆಯಬೇಕು. ಎಷ್ಟು ಉಂಡರೂ ಬೂದಿಯಾಗಿಬಿಡುವ ಭಸ್ಮಕವೆಂಬ ವ್ಯಾಧಿಯು ಆ ಮಹಾತ್ಮರನ್ನು ಹಿಡಿಯಿತು. ಮುನಿಚರ್ಯೆಯಲ್ಲಿ ದಿನಕ್ಕೊಮ್ಮೆ ನಿಂತು ಕೈಯಲ್ಲಿ ಸ್ವೀಕರಿಸುವ ಆಹಾರವು ಆ ಅಗ್ನಿಗೆ ಸಾಲದಾಯಿತು. ಅವರು ಗುರುಗಳಲ್ಲಿಗೆ ಹೋಗಿ ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು. ಗುರುಗಳು ಅಪ್ಪಣೆ ಕೊಡಲಿಲ್ಲ. ನಿಮ್ಮಿಂದ ಶಾಸನದ ಪ್ರಭಾವನೆ ಆಗಬೇಕಾಗಿದೆ. ವೇಷವನ್ನು ಬಿಟ್ಟು ರೋಗವನ್ನು ಗುಣಪಡಿಸಿಕೊಂಡು, ಬಳಿಕ ಮತ್ತೆ ದೀಕ್ಷೆಯನ್ನು ಪಡೆಯಿರಿ ಎಂಬುದು ಅವರ ಆಜ್ಞೆಯಾಯಿತು.

ಕಥೆಯ ಮುಂದಿನ ಭಾಗ ನಿಮಗೆ ತಿಳಿದದ್ದೇ. ದೇವಚಂದ್ರನ ರಾಜಾವಳಿ ಕಥೆಯು ಕಾಂಚಿಯೆಂದೂ, ಆರಾಧನಾ ಕಥಾಕೋಶವು ವಾರಾಣಸಿಯೆಂದೂ ಹೇಳುವ ನಗರದಲ್ಲಿ, ಶಿವಾಲಯಕ್ಕೆ ಬರುತ್ತಿದ್ದ ನೈವೇದ್ಯದ ರಾಶಿಯನ್ನು ಅವರು ದಿನವೂ ಸೇವಿಸಿದರು. ರೋಗ ಶಮನವಾಗುತ್ತ ಬಂದಂತೆ ಅನ್ನ ಉಳಿಯತೊಡಗಿತು. ಅರಸನಿಗೆ ಸಂಶಯ ಬಂದಿತು. ಆಗ ಅವರು ಚತುರ್ವಿಂಶತಿ ತೀರ್ಥಂಕರರನ್ನು ಸ್ತುತಿಸಲು ಚಂದ್ರಪ್ರಭ ಸ್ವಾಮಿಯ ಬಿಂಬವು ಪ್ರಕಟವಾಯಿತು. ಅವರು ಭಸ್ಮಕವನ್ನೇ ಭಸ್ಮ ಮಾಡಿದವರೆಂಬ ಕೀರ್ತಿಯನ್ನು ಶ್ರವಣಬೆಳಗೊಳದಲ್ಲಿರುವ ೧೧೨೯ರ ಮಲ್ಲಿಷೇಣ ಪ್ರಶಸ್ತಿಯೂ ಹಾಡಿದೆ.

ಈ ಚರಿತೆಯಲ್ಲಿ ನಾವು ಗಮನಿಸಬೇಕಾದುದು ಪವಾಡವೊಂದನ್ನೇ ಅಲ್ಲ, ಗುರುವಿನ ನಿರ್ಣಯವನ್ನು. ರೋಗಿಯಾದ ಶಿಷ್ಯನಿಗೆ ಅವರು ಇನ್ನೂ ಕಠಿಣವಾದ ಉಪವಾಸವನ್ನು ವಿಧಿಸಲಿಲ್ಲ. ನೀನು ವ್ರತಭ್ರಷ್ಟನೆಂದು ಜರೆಯಲೂ ಇಲ್ಲ. ಚಿಕಿತ್ಸೆ ಮೊದಲು, ವ್ರತ ಮರಳಿ ಬರಲಿ ಎಂದರು. ಸಲ್ಲೇಖನವು ಪರಿಹಾರವಿಲ್ಲದ ಸ್ಥಿತಿಗೆ ಹೇಳಿದ ಧರ್ಮ. ನಾಚಿಕೆಯಿಂದಲೂ ಬೇಸರದಿಂದಲೂ ಆಹಾರ ಬಿಡುವುದಕ್ಕೆ ಆ ಹೆಸರು ಸಲ್ಲದು.

ಸ್ಖಲನದ ಮೆಟ್ಟಿಲುಗಳು

ಹೀಗೆ ಆಹಾರದ ಬೆಂಕಿಯನ್ನು ಸ್ವತಃ ಅನುಭವಿಸಿದ ಸಮಂತಭದ್ರರೇ ರತ್ನಕರಂಡ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತದ ಐದು ಅತಿಚಾರಗಳನ್ನು ಎಣಿಸಿದ್ದಾರೆ. ವಿಷಯವು ವಿಷವೆಂದು ತಿಳಿದೂ ಆದರವನ್ನು ಬಿಡದಿರುವುದು. ಹಿಂದೆ ಉಂಡುದನ್ನು ಮತ್ತೆ ಮತ್ತೆ ನೆನೆಯುವುದು. ಉಣ್ಣುತ್ತಿರುವಾಗಲೇ ಇನ್ನಷ್ಟು ಬೇಕೆಂಬ ಲೋಲುಪತೆ. ಮುಂದೆ ದೊರೆಯುವುದಕ್ಕಾಗಿ ಹಂಬಲ. ಅನುಭವಿಸುವಾಗ ಅದರಲ್ಲಿಯೇ ಮುಳುಗಿಹೋಗುವುದು. ಐದರಲ್ಲಿ ಒಂದಾದರೂ ಜಠರದ ಗಾತ್ರವನ್ನು ಕುರಿತದ್ದಲ್ಲ. ಐದೂ ಮನಸ್ಸಿನವು. ಶಸ್ತ್ರಚಿಕಿತ್ಸೆ ಆದವನು ತನ್ನ ನಿತ್ಯದ ಪ್ರತಿಕ್ರಮಣದಲ್ಲಿ ಈ ಐದನ್ನು ಇಟ್ಟುಕೊಂಡು, ಇಂದು ನನ್ನನ್ನು ಹಿಡಿದದ್ದು ಯಾವುದು ಎಂದು ಕೇಳಿಕೊಂಡರೆ ಶತ್ರುವಿನ ಮುಖ ಕಾಣುತ್ತದೆ.

ಇನ್ನು, ನಿಯಮ ತಪ್ಪಿದರೆ ಎಲ್ಲವೂ ಮುಗಿಯಿತೆಂಬ ಭಾವನೆಯೂ ಶಾಸ್ತ್ರಸಮ್ಮತವಲ್ಲ. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂದು ದೋಷಕ್ಕೆ ನಾಲ್ಕು ಮೆಟ್ಟಿಲು. ಹಿರಿಯರು ಇದಕ್ಕೆ ಮುದಿ ಎತ್ತಿನ ದೃಷ್ಟಾಂತವನ್ನು ಕೊಡುತ್ತಾರೆ. ಬೇಲಿಯಾಚೆಗಿನ ಪೈರನ್ನು ಕಂಡು ಎತ್ತು ಆಸೆಪಟ್ಟಿತು, ಅದು ಅತಿಕ್ರಮ. ಬೇಲಿಯ ಸಂದಿಯಲ್ಲಿ ಕತ್ತು ತೂರಿಸಿತು, ಅದು ವ್ಯತಿಕ್ರಮ. ಒಂದು ಬಾಯಿ ಮೇಯ್ದಿತು, ಅದು ಅತಿಚಾರ. ಬೇಲಿ ಮುರಿದು ಒಳನುಗ್ಗಿ ಮನಸಾರೆ ಮೇಯ್ದಿತು, ಅದು ಅನಾಚಾರ. ಎತ್ತು ಒಂದು ಬಾಯಿ ಮೇಯ್ದ ಮಾತ್ರಕ್ಕೆ ನಮ್ಮ ಸೀಮೆಯ ಯಾವ ರೈತನೂ ಹೊಲಕ್ಕೇ ಬೆಂಕಿ ಇಡುವುದಿಲ್ಲ. ಎತ್ತನ್ನು ಹಿಂದಕ್ಕೆಳೆದು ಬೇಲಿಯನ್ನು ಕಟ್ಟುತ್ತಾನೆ. ಹಬ್ಬದ ದಿನ ಒಂದು ತುಂಡು ಹೋಳಿಗೆ ಹೆಚ್ಚಾಗಿ ತಿಂದವನು, ಹೇಗೂ ಕೆಟ್ಟೆನೆಂದು ಇಡೀ ವಾರ ಮಿತಿಯನ್ನು ಬಿಟ್ಟರೆ ಅತಿಚಾರವನ್ನು ತಾನೇ ಕೈಯಾರೆ ಅನಾಚಾರವಾಗಿಸಿದಂತಾಯಿತು. ದೋಷವನ್ನು ಅದರ ಅಳತೆಯಲ್ಲಿಯೇ ಕಂಡು ಆಲೋಚನೆ ಪ್ರತಿಕ್ರಮಣಗಳನ್ನು ಮಾಡಿ, ಮರುಹೊತ್ತಿನಿಂದಲೇ ನಿಯಮಕ್ಕೆ ಮರಳುವುದೇ ಪ್ರಾಯಶ್ಚಿತ್ತ.

ಇಂಥವರಿಗೆ ಒಪ್ಪುವ ತಪಸ್ಸು

ಬಾಹ್ಯ ತಪಸ್ಸು ಆರು ಬಗೆಯದೆಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ನಾವು ಮೊದಲನೆಯದಾದ ಅನಶನವೊಂದನ್ನೇ ತಪಸ್ಸೆಂದು ಭಾವಿಸಿ ಉಳಿದವನ್ನು ಮರೆತಿದ್ದೇವೆ. ಷೋಡಶ ಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಶಕ್ತಿಗನುಸಾರವಾಗಿ ಎಂದು ಹೇಳಿರುವುದನ್ನು ಇಲ್ಲಿ ನೆನೆಯಬೇಕು.

ಜಠರ ಕಿರಿದಾದವನಿಗೆ ನಿರ್ಜಲ ಉಪವಾಸವು ತಕ್ಕುದಲ್ಲ. ಅವನು ಒಮ್ಮೆಗೆ ಹೆಚ್ಚು ನೀರು ಕುಡಿಯಲಾರ; ದಿನವಿಡೀ ಗುಟುಕು ಗುಟುಕಾಗಿ ಕುಡಿದೇ ದೇಹದ ನೀರನ್ನು ಕಾಯ್ದುಕೊಳ್ಳಬೇಕು. ಏಕಾಶನವೂ ಅವನಿಗೆ ಕಷ್ಟವೇ. ಒಂದೇ ಸಲ ಕುಳಿತು ಉಣ್ಣುವ ಅಲ್ಪ ಅನ್ನದಲ್ಲಿ ದಿನಕ್ಕೆ ಬೇಕಾದ ಪ್ರೋಟೀನು ಸಿಕ್ಕದು. ಬೇಳೆ, ಹೆಸರುಕಾಳು, ಮೊಸರು, ಪನೀರುಗಳನ್ನು ಸೂರ್ಯೋದಯದಿಂದ ಸೂರ್ಯಾಸ್ತದ ಒಳಗೆ ಹಲವು ಸಲ ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಳ್ಳುವುದೇ ಅವನಿಗೆ ಯೋಗ್ಯ. ಉಪವಾಸ ಮುಗಿದ ಮೇಲೆ ಕಬ್ಬಿನ ಹಾಲಿನಿಂದ ಪಾರಣೆ ಮಾಡುವ ಸಂಪ್ರದಾಯವೂ ಅವನಿಗೆ ಒಗ್ಗದು. ಸಿಹಿರಸವು ಸರ್ರನೆ ಕರುಳಿಗಿಳಿದು ಬೆವರು, ಎದೆಬಡಿತ, ತಲೆಸುತ್ತುಗಳನ್ನು ತರುತ್ತದೆ. ಬೈಪಾಸ್ ಆದವರಲ್ಲಿ ಇದು ಹೆಚ್ಚು.

ಆದರೆ ಅವಮೌದರ್ಯವು ಅವನಿಗಾಗಿಯೇ ಹೇಳಿದಂತಿದೆ. ಉದರದ ಎರಡು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ವಾಯುವಿಗೆ ಎಂದು ಮೂಲಾಚಾರವು ಅಳತೆ ಕೊಟ್ಟಿದೆ. ತುಂಬಿತೆಂದು ತಿಳಿಯುವ ಮೊದಲೇ ಕೈ ತೊಳೆಯುವ ಅಭ್ಯಾಸವದು. ರಸಪರಿತ್ಯಾಗವು ಅವನಿಗೆ ಇನ್ನೂ ಶ್ರೇಷ್ಠ. ಪಾಯಸ, ಪೇಡೆ, ಐಸ್‌ಕ್ರೀಂಗಳಂತಹ ಮೆತ್ತನೆಯ ಸಿಹಿಯು ಕಿರಿದಾದ ಜಠರದಲ್ಲಿಯೂ ತಡೆಯಿಲ್ಲದೆ ಜಾರಿ ಹೋಗುತ್ತದೆ. ತೂಕ ಮರಳುವ ಕಳ್ಳದಾರಿ ಬಹುಮಟ್ಟಿಗೆ ಅದೇ. ಸಕ್ಕರೆ, ಬೆಲ್ಲ, ಕರಿದ ಪದಾರ್ಥಗಳಲ್ಲಿ ಒಂದನ್ನು ಗೊತ್ತಾದ ಅವಧಿಗೆ ಬಿಡುವ ನಿಯಮ ಕೈಕೊಳ್ಳಲಿ. ಪರಿಮಿತ ಕಾಲದ್ದು ನಿಯಮ, ಜೀವಾವಧಿಯದು ಯಮ ಎಂಬ ಭೇದವನ್ನು ಸಮಂತಭದ್ರರೇ ಹೇಳಿದ್ದಾರೆ. ಉದ್ವೇಗದಲ್ಲಿ ಯಮವನ್ನು ಹೊತ್ತು ಮುರಿಯುವುದಕ್ಕಿಂತ ಒಂದು ಪಕ್ಷದ ನಿಯಮವನ್ನು ಪೂರೈಸಿ ಮತ್ತೆ ಕೈಕೊಳ್ಳುವುದು ಲೇಸು.

ಔಷಧದ ಮಾತನ್ನೂ ಹೇಳಬೇಕು. ವಿಟಮಿನ್ ಬಿ-೧೨, ಕಬ್ಬಿಣ, ಸುಣ್ಣದ ಅಂಶಗಳನ್ನು ಇಂಥವರು ಜೀವಮಾನವಿಡೀ ತೆಗೆದುಕೊಳ್ಳಬೇಕಾಗುತ್ತದೆ. ಸಸ್ಯಾಹಾರದಲ್ಲಿ ಬಿ-೧೨ ಹಾಲು ಮೊಸರುಗಳಿಂದ ಮಾತ್ರ ಸ್ವಲ್ಪ ದೊರೆಯುವುದರಿಂದ ನಮ್ಮವರು ಇದರಲ್ಲಿ ಇನ್ನೂ ಎಚ್ಚರವಾಗಿರಬೇಕು. ಗುಳಿಗೆಯ ಕವಚವು ಪ್ರಾಣಿಜನ್ಯವಾದ ಜೆಲಟಿನ್ನಿನದೆಂಬ ಶಂಕೆಯಿದ್ದರೆ ಔಷಧವನ್ನೇ ಬಿಡಬಾರದು. ಕವಚವಿಲ್ಲದ ಮಾತ್ರೆಯನ್ನು ಕೊಡಿರೆಂದು ವೈದ್ಯರನ್ನು ಕೇಳಬೇಕು. ಯಾವ ವ್ರತವನ್ನು ಹಿಡಿಯುವ ಮೊದಲೂ ಅವರಿಗೆ ತಿಳಿಸಬೇಕು. ನಿಯಮ ಕೈಕೊಳ್ಳುವಾಗಲೇ ನೀರಿಗೂ ಔಷಧಕ್ಕೂ ಅವಕಾಶವನ್ನು ಇಟ್ಟುಕೊಳ್ಳಬೇಕು.

ಮನೆಯವರ ಧರ್ಮ

ಕೊನೆಯದಾಗಿ, ಈ ಹೋರಾಟವು ಒಬ್ಬನದೇ ಅಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಸ್ಥಿತೀಕರಣವೂ ಇವೆ. ವಾರಿಷೇಣ ಮುನಿಗಳ ಕಥೆಯನ್ನು ನೆನೆಯಿರಿ. ಅವರೊಡನೆ ದೀಕ್ಷೆ ಪಡೆದ ಪುಷ್ಪಡಾಲನು ಹನ್ನೆರಡು ವರ್ಷ ಮುನಿಯಾಗಿದ್ದರೂ ಮನಸ್ಸಿನಲ್ಲಿ ಬಿಟ್ಟುಬಂದ ಹೆಂಡತಿಯನ್ನೇ ನೆನೆಯುತ್ತಿದ್ದನು. ವಾರಿಷೇಣರು ಅವನನ್ನು ಸಂಘದ ಎದುರಿಗೆ ನಾಚಿಸಲಿಲ್ಲ. ತಮ್ಮ ಅರಮನೆಗೆ ಕರೆದೊಯ್ದು, ತಾವು ತ್ಯಜಿಸಿದ ವೈಭವವನ್ನು ತೋರಿಸಿ, ಅವನ ಮನಸ್ಸು ತಾನಾಗಿ ಸ್ಥಿರವಾಗುವಂತೆ ಮಾಡಿದರು. ಹನ್ನೆರಡು ವರ್ಷದ ಹಂಬಲಕ್ಕೂ ಸ್ಥಿತೀಕರಣವುಂಟು.

ನಾವು ಮಾಡುವುದೇನು? ಮದುವೆಯ ಪಂಕ್ತಿಯಲ್ಲಿ, "ಒಂದು ತಿಂದರೆ ಏನಾಗತೈತಿ, ತಗೊಳ್ರಿ" ಎಂದು ಎಲೆಗೆ ಬಡಿಸುತ್ತೇವೆ. ಅವರು ತಿಂದ ಮರುದಿನ, "ಅಷ್ಟು ಖರ್ಚು ಮಾಡಿ ಆಪರೇಶನ್ ಮಾಡಿಸಿದ್ರೂ ಬಾಯಿ ಕಟ್ಟಲಿಲ್ಲ ನೋಡ್ರಿ" ಎಂದು ಆಡಿಕೊಳ್ಳುತ್ತೇವೆ. ಬಡಿಸಿದ ಕೈಯೂ ನಿಂದಿಸಿದ ನಾಲಗೆಯೂ ಒಂದೇ ಮನೆಯವು. ಇದಕ್ಕಿಂತ ದೊಡ್ಡ ದೋಷ ಆ ಹೋಳಿಗೆಯಲ್ಲಿಲ್ಲ. ಒತ್ತಾಯ ಮಾಡದೆ ಬಡಿಸುವುದು, ಅವರ ಕಣ್ಣೆದುರು ಸಿಹಿಯ ಡಬ್ಬಿಯನ್ನು ಇಡದಿರುವುದು, ತಪ್ಪಿದ ದಿನ ಮೌನವಾಗಿ ಜೊತೆಗಿರುವುದು, ತಪಾಸಣೆಗೆ ಕರೆದೊಯ್ಯುವುದು ನಾವು ಮಾಡಬಹುದಾದ ವೈಯಾವೃತ್ಯ. ಇದು ಆಭ್ಯಂತರ ತಪಸ್ಸು, ಉಪವಾಸಕ್ಕೂ ಮಿಗಿಲಾದುದು.

ಎಲೈ ಭವ್ಯಜೀವಿಗಳೆ, ಜಠರವನ್ನು ಕಿರಿದುಗೊಳಿಸಲು ಕೆಲವು ಗಳಿಗೆ ಸಾಕು; ಆಸೆಯನ್ನು ಕಿರಿದುಗೊಳಿಸಲು ಜೀವನವೆಲ್ಲ ಬೇಕು. ಅದು ನಿಧಾನದ ಕೆಲಸವೆಂದು ಕುಗ್ಗಬೇಡಿರಿ. ಅನಾದಿಕಾಲದಿಂದ ಜೀವದ ಬೆನ್ನು ಹತ್ತಿ ಬಂದ ಸಂಜ್ಞೆಯನ್ನು ಇಂದು ಒಂದು ತುತ್ತಿನಷ್ಟು ಗೆದ್ದವನೂ ಮೋಕ್ಷಮಾರ್ಗದಲ್ಲಿ ಒಂದು ಹೆಜ್ಜೆ ಇಟ್ಟವನೇ. ಜಾರಿದ ಹೆಜ್ಜೆಯನ್ನು ಎತ್ತಿ ಮತ್ತೆ ಇಡಿರಿ.

ಜಯ ಜಿನೇಂದ್ರ.