ಸಿಕ್ಕ ಸೈಕಲ್ಲು, ಕದ್ದ ಸೈಕಲ್ಲು

ನಮ್ಮ ಕಡೆ ಒಂದು ಸೈಕಲ್ಲು ಸಿಕ್ಕಿತು. ‘ಸಿಕ್ಕಿತು’ ಎನ್ನಬಹುದೋ ಬಾರದೋ ಎಂಬುದೇ ನಾವು ಇಲ್ಲಿ ಎತ್ತುತ್ತಿರುವ ಪ್ರಶ್ನೆ.

ಸಾಸ್ತಾನದಲ್ಲಿ 66ನೇ ಹೆದ್ದಾರಿಯಿಂದ ಪಡುವಣಕ್ಕೆ, ಕೋಡಿಯ ಕಡೆಗೆ ಹೊರಳುವ ರಸ್ತೆ ಇದೆಯಲ್ಲ, ಅದರ ಬದಿಯ ಹಾಡಿಯ ಅಂಚಿನಲ್ಲಿ ಅದು ಮೂರು ದಿನದಿಂದ ಬಿದ್ದಿತ್ತು. ಬೀಗ ಇಲ್ಲ. ಹಿಂದಿನ ಚಕ್ರದ ಗಾಳಿ ಹೋಗಿದೆ. ಕ್ಯಾರಿಯರಿಗೆ ನೈಲಾನ್ ಹಗ್ಗದ ತುಂಡೊಂದನ್ನು ಬುಟ್ಟಿ ಕಟ್ಟುವವರ ಹಾಗೆ ಸುತ್ತಿದ್ದಾರೆ. ಬೈಕಿನವರು, ಕಾರಿನವರು, ಶಾಲೆ ಮಕ್ಕಳು, ಮೀನಿನ ಹೆಂಗಸರು, ಎಲ್ಲರೂ ಅದನ್ನು ಕಂಡು ಹೋಗಿದ್ದಾರೆ. ಯಾರೂ ಮುಟ್ಟಿಲ್ಲ. ಮೂರನೇ ದಿನ ಸಂಜೆ ಕೊರಗರ ಕಾಲೊನಿಯ ಹುಡುಗನೊಬ್ಬ ನಾವು ನಾಲ್ಕೈದು ಜನ ಕೂತು ಮಾತಾಡುವ ಜಾಗಕ್ಕೆ ಬಂದು ವಿಷಯ ಹೇಳಿದ. ಅವನಿಗೆ ಸೈಕಲ್ಲು ಬೇಕಿತ್ತು. ಕೆಲಸಕ್ಕೆ ದಿನಾ ನಡೆದು ಹೋಗುವವನು. ಅದನ್ನು ಮುಚ್ಚಿಡದೆ ಹೇಳಿಯೂ ಬಿಟ್ಟ.

ನಾವು ಏನು ಕೇಳಿದೆವು ಗೊತ್ತೆ? ‘ನೀನು ಅದನ್ನು ಎಲ್ಲಿಂದ ತಂದೆ?’

ತಂದಿರಲಿಲ್ಲ ಅವನು. ಕಂಡದ್ದನ್ನು ಹೇಳಲಿಕ್ಕೆ ಬಂದಿದ್ದ ಅಷ್ಟೆ. ನಮ್ಮಲ್ಲಿ ಇಬ್ಬರು ಮೇಷ್ಟ್ರುಗಳು, ಒಬ್ಬರು ಸಂಘಟನೆಯಲ್ಲಿ ಇಪ್ಪತ್ತು ವರ್ಷ ಕೂದಲು ಹಣ್ಣು ಮಾಡಿಕೊಂಡವರು. ನಮ್ಮ ಬಾಯಿಯಿಂದಲೂ ಮೊದಲು ಬಂದದ್ದು ಠಾಣೆಯ ಪ್ರಶ್ನೆಯೇ. ಹುಡುಗ ಸಿಟ್ಟಾಗಲಿಲ್ಲ. ಅಭ್ಯಾಸ ಆಗಿಹೋಗಿದೆ. ‘ನೀವ್ ಹಿಡ್ಕಂಡ್ರೆ ಸಿಕ್ಕಿದ್ದ್, ನಾ ಹಿಡ್ಕಂಡ್ರೆ ಕದ್ದದ್ದ್. ಅದ್ಕೇ ಮುಟ್ಲಿಲ್ಲೆ’ ಎಂದ.

ಆ ಮಾತು ನಮ್ಮನ್ನು ಆ ರಾತ್ರಿ ಮಲಗಗೊಡಲಿಲ್ಲ.

ಈ ಮಣ್ಣಿನಲ್ಲಿ ಅದು ಹೊಸ ಮಾತೂ ಅಲ್ಲ. ಸಾಸ್ತಾನದಿಂದ ಬಡಗಿಗೆ ಸ್ವಲ್ಪ ದೂರ ಹೋದರೆ ಕೋಟ, ಶಿವರಾಮ ಕಾರಂತರು ಹುಟ್ಟಿದ ಊರು. ಅವರ ‘ಚೋಮನ ದುಡಿ’ 1933ರಲ್ಲಿ ಬಂತು. ಬಿ.ವಿ. ಕಾರಂತರ ಸಿನಿಮಾ 1975ರದ್ದು. ಚೋಮ ಉಳಲಿಲ್ಲ, ಅವನಿಗೆ ಯಾರೂ ಭೂಮಿ ಕೊಡಲಿಲ್ಲ ಎಂಬುದನ್ನು ಎಲ್ಲರೂ ಹೇಳುತ್ತೇವೆ. ಅವನ ಎತ್ತುಗಳು ಎಲ್ಲಿಂದ ಬಂದವು ಎನ್ನುವುದನ್ನು ಮರೆಯುತ್ತೇವೆ. ಅವು ಕಾಡಿನಲ್ಲಿ ದಿಕ್ಕಿಲ್ಲದೆ ತಿರುಗುತ್ತಿದ್ದು ಅವನ ಕೈಗೆ ಸಿಕ್ಕಿದ ಜಾನುವಾರು. ಸಿಕ್ಕಿದ್ದನ್ನು ಸಾಕಿದ. ಹಟ್ಟಿಯಲ್ಲಿ ಕಟ್ಟಿಕೊಂಡಿದ್ದಾಗ ಊರಿಗೆ ತಕರಾರಿಲ್ಲ. ಅವಕ್ಕೆ ನೊಗ ಹೂಡಿ ತಾನೂ ಬೇಸಾಯಗಾರ ಆಗುತ್ತೇನೆ ಅಂದಾಗ ಊರಿನ ಧರ್ಮ ಎದ್ದು ನಿಂತಿತು. ಅಂದರೆ ಹೊಲೆಯನಿಗೆ ಒಂದು ವಸ್ತು ಸಿಗುವುದು ದೊಡ್ಡ ಅಪರಾಧವಲ್ಲ. ಆ ವಸ್ತುವಿನಿಂದ ಅವನು ಒಂದು ಹೆಜ್ಜೆ ಮುಂದೆ ಹೋಗುವುದು ಅಪರಾಧ. ಎತ್ತಾದರೂ ಅಷ್ಟೆ, ಸೈಕಲ್ಲಾದರೂ ಅಷ್ಟೆ. ನಮ್ಮ ಹಿರಿಯರಲ್ಲಿ ಸೈಕಲ್ಲು ಇದ್ದವರು ಅದನ್ನು ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಧಣಿಗಳ ಅಂಗಳದ ಎದುರು ಬಂದರೆ ಇಳಿದು ತಳ್ಳಬೇಕು. ದುಡ್ಡು ಕೊಟ್ಟು ತಂದ ಸೈಕಲ್ಲಿನ ಗತಿಯೇ ಹೀಗಿತ್ತು.

ಕೊರಗರ ವಿಷಯದಲ್ಲಿ ಇದು ಇನ್ನೂ ಕ್ರೂರ. ಊರವರ ಉಗುರು ಕೂದಲು ಬೆರೆಸಿದ ಅನ್ನ ತಿನ್ನಿಸಿ ತಮ್ಮ ಪೀಡೆಯನ್ನು ಇನ್ನೊಬ್ಬರ ಹೊಟ್ಟೆಗೆ ದಾಟಿಸುವ ‘ಅಜಲು’ ನಿಲ್ಲಿಸಬೇಕು ಎಂದು ಸರಕಾರ ಕಾಯಿದೆ ಮಾಡಿದ್ದು 2000ದಲ್ಲಿ. ನೆನಪಿಡಿ, ಸ್ವಾತಂತ್ರ್ಯ ಬಂದು ಐವತ್ತು ವರ್ಷ ಕಳೆದ ಮೇಲೆ. ನಾವು ಬಿಟ್ಟದ್ದನ್ನು ತಗೋ, ಎಸೆದದ್ದನ್ನು ಹೆಕ್ಕು ಎಂದು ತಲೆತಲಾಂತರ ಕಲಿಸಿದ ಊರು, ಅವನ ಮೊಮ್ಮಗ ರಸ್ತೆ ಬದಿಗೆ ಬಿಟ್ಟ ಸೈಕಲ್ಲನ್ನು ಎತ್ತಿ ನಿಲ್ಲಿಸಿದರೆ ಕಳ್ಳ ಎನ್ನುತ್ತದೆ. ಎಂಜಲು ತೆಗೆದುಕೊಂಡರೆ ಸಂಪ್ರದಾಯ, ಚಕ್ರ ತೆಗೆದುಕೊಂಡರೆ ಕಳ್ಳತನ.

ಇಲ್ಲಿಯವರೆಗೆ ನಮ್ಮಲ್ಲಿ ಜಗಳ ಇರಲಿಲ್ಲ. ಮುಂದೆ ಬಂತು.

ಗೆಳೆಯನೊಬ್ಬ, ಒಳ್ಳೆಯ ಹೋರಾಟಗಾರ, ಹೇಳಿದ: ‘ಭೂಮಿ ಕದ್ದವರು ಕೂತಿದ್ದಾರೆ, ಕಡಲ ದಂಡೆ ನುಂಗಿದವರು ಕೂತಿದ್ದಾರೆ. ಒಂದು ಸೈಕಲ್ಲಿಗೆ ಎಂತ ಮಾರಾಯ ನಿಮ್ಮ ನೀತಿ? ಹುಡುಗ ತುಳಿಯಲಿ.’ ಕೇಳಲಿಕ್ಕೆ ಬಿಸಿಯಾಗಿದೆ ಮಾತು. ಒಪ್ಪಲಿಕ್ಕೆ ಆಗಲಿಲ್ಲ. ಯಾಕೆಂದರೆ ಭೂಮಿ ಕದ್ದವನು ಸೈಕಲ್ಲಿನಲ್ಲಿ ಹೋಗುವುದಿಲ್ಲ. ಇವತ್ತು ಈ ಹೆದ್ದಾರಿಯ ಬದಿಯಲ್ಲಿ ಸೈಕಲ್ಲು ತುಳಿಯುವವರು ಯಾರು, ಕಣ್ಣು ಬಿಟ್ಟು ನೋಡಿ: ಕಟ್ಟಡದ ಕೆಲಸಕ್ಕೆ ಬಿಹಾರ, ಒಡಿಶಾದಿಂದ ಬಂದವರು, ಮೀನು ಮಾರುವವರು, ಬೈಕು ಕೊಳ್ಳಲಾಗದ ಮುದುಕರು, ಶಾಲೆಯ ಮಕ್ಕಳು. ಕದ್ದದ್ದೇ ಆದರೆ ಆ ಸೈಕಲ್ಲು ನಮ್ಮಂಥವರದ್ದೇ. ಕ್ಯಾರಿಯರಿನ ಹಗ್ಗ ನೋಡಿದರೆ ಗೊತ್ತಾಗುತ್ತದೆ.

1948ರಲ್ಲಿ ಇಟಲಿಯ ಡಿ ಸಿಕಾ ಮಾಡಿದ ‘ಬೈಸಿಕಲ್ ಥೀವ್ಸ್’ ಸಿನಿಮಾವನ್ನು ನಮ್ಮ ಫಿಲ್ಮ್ ಸೊಸೈಟಿಯವರು ಊರೂರಿಗೆ ತೋರಿಸಿದ್ದುಂಟು. ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಬೇಕಾದರೆ ಸೈಕಲ್ಲು ಬೇಕು. ಹೆಂಡತಿ ಮನೆಯ ಹಾಸಿಗೆ ಬಟ್ಟೆ ಅಡವಿಟ್ಟು ಸೈಕಲ್ಲು ಬಿಡಿಸಿಕೊಡುತ್ತಾಳೆ. ಕೆಲಸದ ಮೊದಲ ದಿನವೇ ಅದು ಕಳುವು. ಹುಡುಕಿ ಹುಡುಕಿ ಸೋತವನು ಕೊನೆಗೆ ಮಗನ ಕಣ್ಣೆದುರೇ ಇನ್ನೊಬ್ಬನ ಸೈಕಲ್ಲಿಗೆ ಕೈ ಹಾಕುತ್ತಾನೆ, ಸಿಕ್ಕಿಬೀಳುತ್ತಾನೆ. ಇವನ ಸೈಕಲ್ಲು ಕದ್ದವನೂ ಬಡವನೇ. ಬಡವನ ಸೈಕಲ್ಲನ್ನು ಬಡವ, ಅವನದ್ದನ್ನು ಮತ್ತೊಬ್ಬ ಬಡವ. ಈ ಸುತ್ತಿನಲ್ಲಿ ಧಣಿ ಎಲ್ಲೂ ಬರುವುದೇ ಇಲ್ಲ. ನಮ್ಮ ಗೆಳೆಯನ ‘ಹುಡುಗ ತುಳಿಯಲಿ’ ಎಂಬ ಕ್ರಾಂತಿಯೂ ಇದೇ ಸುತ್ತಿನೊಳಗಿನದ್ದು.

ಹಾಗಾದರೆ ಠಾಣೆಗೆ ಕೊಡಿ, ಮುಗಿಯಿತಲ್ಲ ಎಂದರು ಒಬ್ಬ ಮೇಷ್ಟ್ರು. ಪುಸ್ತಕ ತೆಗೆದು ನೋಡಿದೆವು. ಬಿದ್ದ ವಸ್ತುವನ್ನು ಒಡೆಯನಿಗೆ ಮುಟ್ಟಿಸಲೆಂದು ಎತ್ತಿಕೊಂಡವನು ಅಪರಾಧಿಯಲ್ಲ. ಒಡೆಯನನ್ನು ಹುಡುಕುವ ದಾರಿ ಇದ್ದೂ ಹುಡುಕದೆ ತನ್ನದು ಮಾಡಿಕೊಂಡವನು ಅಪರಾಧಿ. ಹಳೆಯ ದಂಡಸಂಹಿತೆಯ 403ನೇ ಕಲಮು ಹೇಳುತ್ತಿದ್ದದ್ದು ಇದನ್ನೇ, 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮು ಹೇಳುವುದೂ ಇದನ್ನೇ. ನ್ಯಾಯವಾದ ಮಾತು. ಆದರೆ ಸಾಕ್ಷ್ಯದ ಕಾಯಿದೆಯಲ್ಲಿ ಇನ್ನೊಂದು ಮಾತಿದೆ. ಕಳುವಾದ ಸ್ವಲ್ಪದರಲ್ಲೇ ಮಾಲು ಯಾರ ಕೈಯಲ್ಲಿ ಸಿಗುತ್ತದೋ, ಅದು ಹೇಗೆ ಬಂತೆಂದು ಅವನು ಲೆಕ್ಕ ಒಪ್ಪಿಸಲಾರದೆ ಹೋದರೆ, ಕೋರ್ಟು ಅವನನ್ನು ಕಳ್ಳನೆಂದೋ ಕದ್ದ ಮಾಲು ತಿಳಿದು ಇಟ್ಟುಕೊಂಡವನೆಂದೋ ಊಹಿಸಬಹುದು.

ಲೆಕ್ಕ ಒಪ್ಪಿಸುವುದು! ಎಲ್ಲ ಬಿಗಿಯೂ ಈ ಒಂದು ಮಾತಿನಲ್ಲಿದೆ. ಮೇಷ್ಟ್ರು ‘ದಾರಿಯಲ್ಲಿ ಸಿಕ್ಕಿತು’ ಎಂದರೆ ಅದು ಲೆಕ್ಕ. ಕಾಲೊನಿಯ ಹುಡುಗ ಅದೇ ಮಾತು ಹೇಳಿದರೆ ಅದು ಕತೆ. ಬ್ರಿಟಿಷರು 1871ರಲ್ಲಿ ಕಾಯಿದೆ ತಂದು ಇಡೀ ಇಡೀ ಸಮುದಾಯಗಳನ್ನೇ ಹುಟ್ಟಾ ಕಳ್ಳರ ಪಟ್ಟಿಗೆ ಸೇರಿಸಿದರು. 1952ರಲ್ಲಿ ಅದು ರದ್ದಾಯಿತು. ಕಾಗದದ ಪಟ್ಟಿ ಹರಿಯಿತು, ಮನಸ್ಸಿನದು ಹರಿಯಲಿಲ್ಲ. ಆ ಪಟ್ಟಿಯಲ್ಲಿ ಇಲ್ಲದ ಕೊರಗನ ಮೇಲೂ ಅದರ ನೆರಳು ಬೀಳುತ್ತದೆ. ಹೊಸ ಸಂಹಿತೆಯಲ್ಲಿ, ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು ಕದ್ದು ಮೊದಲ ಸಲ ಶಿಕ್ಷೆಗೆ ಒಳಗಾದವನು ಅದನ್ನು ಹಿಂದಿರುಗಿಸಿದರೆ ಜೈಲಿನ ಬದಲು ಸಮುದಾಯ ಸೇವೆ ಎಂದು ಬರೆದಿದ್ದಾರೆ. ಹಳೆಯ ಸೈಕಲ್ಲು ಆ ಲೆಕ್ಕದೊಳಗೇ ಬರುತ್ತದೆ. ಒಳ್ಳೆಯದೇ ಆಯಿತು. ಆದರೆ ಮೊದಲು ಕಳ್ಳ ಎನ್ನಿಸಿಕೊಳ್ಳಬೇಕಲ್ಲ!

ಪ್ರಾಮಾಣಿಕತೆ ಎಲ್ಲರಿಗೂ ಒಂದೇ ಎಂದು ನಾವು ತರಗತಿಯಲ್ಲಿ ಹೇಳಿಕೊಡುತ್ತೇವೆ. ಒಂದೇ ಇರಬಹುದು, ಅದರ ಬೆಲೆ ಒಂದೇ ಅಲ್ಲ. ಸಿಕ್ಕ ಸೈಕಲ್ಲನ್ನು ಠಾಣೆಗೆ ಒಯ್ಯಲಿಕ್ಕೆ ನಮಗೆ ಒಂದು ಗಂಟೆ ಖರ್ಚು. ಆ ಹುಡುಗನಿಗೆ ಒಂದು ದಿನದ ಕೂಲಿ, ನಾಲ್ಕು ಬೈಗುಳ, ಇನ್ನೊಂದು ಕಳುವಾದಾಗ ಮೊದಲು ನೆನಪಾಗುವ ಹೆಸರು. ಇಷ್ಟೆಲ್ಲ ಗೊತ್ತಿದ್ದೂ ಬಂದು ಹೇಳಿದನಲ್ಲ, ಆ ಮೂರು ದಿನ ನೋಡಿಯೂ ನೋಡದಂತೆ ಹೋದ ಸಭ್ಯರೆಲ್ಲರಿಗಿಂತ ಅವನು ದೊಡ್ಡವನು. ಆ ಸಭ್ಯರಲ್ಲಿ ನಾವೂ ಇದ್ದೆವು. ನಮ್ಮಲ್ಲಿ ಒಬ್ಬರು ಆ ದಾರಿಯಲ್ಲೇ ಶಾಲೆಗೆ ಹೋಗುವವರು.

ಕೊನೆಗೆ ಎಲ್ಲರೂ ಹೋದೆವು. ಸೈಕಲ್ಲನ್ನು ಹುಡುಗನೇ ತಳ್ಳಬೇಕು, ನಾವು ಅವನ ಆಚೆ ಈಚೆ ನಡೆಯಬೇಕು ಎಂದು ಮಾತಾಯಿತು. ನಾವು ತಳ್ಳಿ ಅವನು ಹಿಂದೆ ಬಂದರೆ ಅದು ನಮ್ಮ ಉಪಕಾರವಾಗುತ್ತದೆ. ಹೋಗುವ ಮುಂಚೆ ಸೈಕಲ್ಲನ್ನು ಮಗುಚಿ ಚೌಕಟ್ಟಿನ ಕೆಳಗೆ ಅಚ್ಚೊತ್ತಿದ ನಂಬರನ್ನು ಮಣ್ಣು ಕೆರೆದು ಬರೆದುಕೊಂಡೆವು. ಓದುವವರಿಗೆ ಒಂದು ಮಾತು: ನಿಮ್ಮ ಸೈಕಲ್ಲಿನ ಆ ನಂಬರನ್ನು, ನಿಮ್ಮ ಶಾಲೆಯ ಮಕ್ಕಳ ಸೈಕಲ್ಲಿನದ್ದನ್ನು, ಇವತ್ತೇ ಒಂದು ಪುಸ್ತಕದಲ್ಲಿ ಬರೆದಿಡಿ. 2006-07ರಿಂದ ಸರಕಾರ ಎಂಟನೇ ತರಗತಿಯವರಿಗೆ ಸೈಕಲ್ಲು ಹಂಚುತ್ತಿದ್ದಾಗ ಎಲ್ಲವೂ ಒಂದೇ ತರದ್ದು. ತಮ್ಮದು ಯಾವುದೆಂದು ತಿಳಿಯಲು ಮಕ್ಕಳು ಹ್ಯಾಂಡಲಿಗೆ ಬಣ್ಣದ ದಾರ ಕಟ್ಟುತ್ತಿದ್ದರು. ದಾರ ಬಿಚ್ಚಿದರೆ ಮುಗಿಯಿತು.

ಠಾಣೆಯಲ್ಲಿ ಅಂದುಕೊಂಡದ್ದೇ ಆಯಿತು. ಹುಡುಗನ ಮುಖ ನೋಡಿ ಪ್ರಶ್ನೆ, ಮೇಷ್ಟ್ರ ಮುಖ ನೋಡಿ ಕುರ್ಚಿ. ಬರೆದುಕೊಳ್ಳುವವರು ಮೇಷ್ಟ್ರ ಹೆಸರು ಕೇಳಿದರು. ‘ಸಿಕ್ಕಿದ್ದು ಇವನಿಗೆ, ತಂದದ್ದು ಇವನು, ಇವನ ಹೆಸರು ಬರೆಯಿರಿ’ ಎಂದರು ಮೇಷ್ಟ್ರು. ‘ಅವನ ಹೆಸರು ಯಾಕೆ ಸಾರ್, ಸುಮ್ಮನೆ ತೊಂದರೆ’ ಎಂಬ ಉತ್ತರ. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು. ಅರ್ಧ ಗಂಟೆ ನಿಂತೆವು. ಹುಡುಗನಿಗೇ ಸಾಕಾಗಿತ್ತು, ‘ಹ್ವಾಪ ಮೇಷ್ಟ್ರೇ’ ಎಂದು ಅಂಗಿ ಜಗ್ಗಿದ. ನಾವು ಹೊರಡಲಿಲ್ಲ. ಹಾಗೆ ನಿಂತದ್ದು ಅವನಿಗಾಗಿಯೋ ನಮ್ಮ ಹಟಕ್ಕಾಗಿಯೋ, ಇವತ್ತಿಗೂ ನಮ್ಮೊಳಗೆ ಚರ್ಚೆ ನಡೆದಿದೆ. ಅಂತೂ ಅವನ ಹೆಸರೇ ಬರೆದು, ‘ಹಾಜರುಪಡಿಸಿದವರು’ ಎಂದು ನಮೂದಿಸಿದ ಚೀಟಿ ಕೊಟ್ಟರು. ಅವನ ಅಪ್ಪನೋ ಅಜ್ಜನೋ ಠಾಣೆಯ ಕಾಗದದಲ್ಲಿ ಹಾಗೆ ಬಹುವಚನದಲ್ಲಿ ಇದ್ದದ್ದು ಇಲ್ಲ.

ಒಡೆಯ ಪತ್ತೆಯಾಗದ ಮಾಲಿಗೆ ಪ್ರಕಟಣೆ ಹೊರಡಿಸಿ ಆರು ತಿಂಗಳು ಕಾಯುವ ಕ್ರಮವಿದೆ. ಮಳೆಗಾಲ ಬಂದು ಹೋಯಿತು, ಯಾರೂ ಬಂದಿಲ್ಲ. ಬಹುಶಃ ಒಡೆಯನೂ ಠಾಣೆಯ ಮೆಟ್ಟಿಲು ಹತ್ತಲಿಕ್ಕೆ ಹೆದರುವವನೇ. ಹುಡುಗ ಆ ಕಡೆ ಹೋದಾಗಲೆಲ್ಲ ಗೇಟಿನಿಂದ ಇಣುಕಿ ನೋಡುತ್ತಾನಂತೆ. ‘ಚೈನಿಗೆ ತುಕ್ಕ್ ಹಿಡೀತಾ ಇತ್ತ್. ಒಂದ್ ಚೂರ್ ಎಣ್ಣಿ ಹಾಕುಕಾಗ ಅಂಬ್ರಾ?’ ಎಂದು ಮೊನ್ನೆ ಕೇಳಿದ.