ಸ್ವಕರ್ಮದ ನಿರ್ಣಯ

ಪದವಿ ತರಗತಿಗಳಲ್ಲಿ ಓದುತ್ತಿರುವ ತರುಣರು ಪ್ರವಚನ ಮುಗಿದ ಬಳಿಕ ಪದೇ ಪದೇ ಕೇಳುವ ಪ್ರಶ್ನೆಯೊಂದುಂಟು: “ತಂದೆಯವರು ಒಂದು ವಿದ್ಯೆಯನ್ನು ಹೇಳುತ್ತಾರೆ, ನನ್ನ ಮನಸ್ಸು ಮತ್ತೊಂದರಲ್ಲಿದೆ. ನನ್ನ ಸ್ವಧರ್ಮ ಯಾವುದು?” ಇದು ಕೇವಲ ಉದ್ಯೋಗದ ಪ್ರಶ್ನೆಯಲ್ಲ. ತಂದೆಯ ಮಾತನ್ನು ಮೀರಿದರೆ ಮಾತೃಪಿತೃಗಳನ್ನು ನೋಯಿಸಿದ ದೋಷ. ಮೀರದಿದ್ದರೆ ಜೀವನವಿಡೀ ಆತ್ಮವಂಚನೆಯ ಭಯ.

ಶ್ರೀಮದಾಚಾರ್ಯರ ಸಿದ್ಧಾಂತದಂತೆ ಜೀವರು ಪರಸ್ಪರ ಭಿನ್ನರು. ಒಬ್ಬನ ಯೋಗ್ಯತೆ ಇನ್ನೊಬ್ಬನದಲ್ಲ. ಆದುದರಿಂದ ನೆರೆಮನೆಯ ಹುಡುಗನು ಇಂಜಿನಿಯರಾದನೆಂಬುದು ನಮ್ಮ ಮನೆಯ ಹುಡುಗನಿಗೆ ಪ್ರಮಾಣವಾಗಲಾರದು. ಆದರೆ ತರುಣರು ನೆನೆಯಬೇಕಾದ ಇನ್ನೊಂದು ಮಾತೂ ಉಂಟು. ಜೀವಸ್ವರೂಪವು ಅವಿದ್ಯೆಯಿಂದ ಆವೃತವಾಗಿದೆ. ಬಯಸಿದ ಮಾತ್ರಕ್ಕೆ ಅದು ತೋರದು. ಗೆಳೆಯರ ಅನುಕರಣೆ, ಸಂಬಳದ ಆಸೆ, ಕಠಿಣ ವಿಷಯದ ಭಯ ಇವೆಲ್ಲವೂ “ನನ್ನ ಮನಸ್ಸು” ಎಂಬ ವೇಷದಲ್ಲಿಯೇ ಬರುತ್ತವೆ. ಹಾಗಾದರೆ ಸ್ವಭಾವವನ್ನು ಗುರುತಿಸುವ ಬಗೆ ಹೇಗೆ?

ಸುಮಧ್ವವಿಜಯವನ್ನು ಸ್ಮರಿಸೋಣ. ಅವತಾರಪುರುಷನಾದ ವಾಸುದೇವನಿಗೆ ತನ್ನ ಕಾರ್ಯದಲ್ಲಿ ಸಂಶಯವೇ ಇರಲಿಲ್ಲ. ಆದರೂ ಮಧ್ಯಗೇಹ ಭಟ್ಟರ ದುಃಖವನ್ನು ಆತನು ಕಡೆಗಣಿಸಲಿಲ್ಲ. ವಂಶಕ್ಕೆ ಆಸರೆಯಾಗುವ ತಮ್ಮನು ಜನಿಸುವವರೆಗೆ ಕಾದು, ತಂದೆತಾಯಿಗಳ ಸಮ್ಮತಿ ಪಡೆದೇ ಅಚ್ಯುತಪ್ರೇಕ್ಷರಿಂದ ಸನ್ನ್ಯಾಸ ಸ್ವೀಕರಿಸಿದನು. ಸಂಕಲ್ಪವನ್ನೂ ಬಿಡಲಿಲ್ಲ, ಋಣವನ್ನೂ ಮರೆಯಲಿಲ್ಲ. ನಿಸ್ಸಂಶಯರಾದವರೇ ಕಾದಿರುವಾಗ ಸಂಶಯಗ್ರಸ್ತರಾದ ನಾವು ಕಾಯಬಾರದೆ? ಕಾಯುವಿಕೆಯೇ ಪರೀಕ್ಷೆಯೂ ಹೌದು. ಕಾದರೆ ಕುಂದುವುದು ಆಸೆ. ಕಾದರೂ ಕುಂದದಿರುವುದು ಸ್ವಭಾವ. ವಿದ್ಯಾರ್ಥಿಯು ಕೈಯಲ್ಲಿರುವ ಓದನ್ನು ಶ್ರದ್ಧೆಯಿಂದ ಮಾಡುತ್ತ, ತನ್ನದೆಂದು ತೋರುವ ವಿದ್ಯೆಗೆ ನಿತ್ಯವೂ ಒಂದು ಗಂಟೆಯನ್ನು ಮೀಸಲಿಡಲಿ. ಯಾರೂ ಹೊಗಳದಿದ್ದಾಗಲೂ ಆ ಗಂಟೆ ಭಾರವೆನಿಸದೆ ವರ್ಷ ಕಳೆದರೆ ಅದನ್ನು ನಂಬಬಹುದು.

ಹಿರಿಯರಿಗೂ ಇಲ್ಲಿ ಪಾಠವಿದೆ. ಅಕ್ಷೋಭ್ಯತೀರ್ಥರನ್ನು ಆಶ್ರಯಿಸಿದ ಮಗನನ್ನು ತಂದೆಯು ಮನೆಗೆ ಮರಳಿ ಕರೆದೊಯ್ದರೆಂದೂ, ಕಡೆಗೆ ತಾವೇ ಅನುಮತಿಯಿತ್ತರೆಂದೂ ಶ್ರೀ ಜಯತೀರ್ಥರ ವಿಷಯದಲ್ಲಿ ಸಂಪ್ರದಾಯವು ಹೇಳುತ್ತದೆ. ಆ ತಂದೆಯು ಕೊನೆಯವರೆಗೂ ಹಟ ಹಿಡಿದಿದ್ದರೆ ಶ್ರೀಮನ್ನ್ಯಾಯಸುಧೆ ನಮಗೆ ಲಭಿಸುತ್ತಿತ್ತೆ? ಮಗನು ಹೇಳದೆಯೇ ಮಾಡುವ ಕೆಲಸ ಯಾವುದೆಂದು ಗಮನಿಸುವುದು ತಂದೆಯ ಕರ್ತವ್ಯ. ತನಗೆ ಈಡೇರದ ಆಸೆಯನ್ನು ಅವನ ಹೆಗಲಿಗೆ ಏರಿಸುವುದಲ್ಲ.

ಎಲ್ಲರಿಗೂ ವೃತ್ತಿ ಮತ್ತು ಸ್ವಭಾವ ಒಂದಾಗಿ ಕೂಡಿಬರುವುದಿಲ್ಲ. ಮನೆಯ ಸಾಲ ತೀರಿಸಲು ಬ್ಯಾಂಕಿನ ಕೆಲಸಕ್ಕೆ ಸೇರಿದವನು ಸ್ವಧರ್ಮದಿಂದ ಭ್ರಷ್ಟನೇನೂ ಅಲ್ಲ. ಬೆಳಗಿನ ಒಂದು ಗಂಟೆಯ ಸರ್ವಮೂಲದ ಪಾಠ ಅವನ ಸ್ವಭಾವವನ್ನು ಕಾಪಾಡುತ್ತದೆ. ಸ್ವಕರ್ಮದಿಂದಲೇ ಭಗವಂತನನ್ನು ಅರ್ಚಿಸಿ ಸಿದ್ಧಿ ಪಡೆಯಬೇಕೆಂಬುದು ಗೀತೆಯ 18ನೆಯ ಅಧ್ಯಾಯದ ಉಪದೇಶ. ಮಾಡುವ ಕರ್ಮವು ಪೂಜೆಯಾಗಬಲ್ಲುದೇ ಎಂಬುದೇ ತರುಣರು ಕೇಳಿಕೊಳ್ಳಬೇಕಾದ ಕೊನೆಯ ಪ್ರಶ್ನೆ.

ಶ್ರೀಕೃಷ್ಣಾರ್ಪಣಮಸ್ತು.