ಎದುರಿನವರ ಕಣ್ಣು

ಕತ್ತಲಾದ ಮೇಲೆ ವಿಜಯಪುರದಿಂದ ತಿಕೋಟಾಕ್ಕೋ ಬಬಲೇಶ್ವರಕ್ಕೋ ಹೊರಟವರಿಗೆ ಗೊತ್ತು, ಎದುರಿನಿಂದ ಬರುವ ಬಿಳಿ ಬೆಳಕು ಎಂಥ ಕತ್ತಲೆ ತರುತ್ತದೆಂದು. ವಾಹನ ದಾಟಿಹೋದರೂ ಕೆಲವು ಕ್ಷಣ ಕಣ್ಣಿಗೆ ಏನೂ ಕಾಣದು. ಅಷ್ಟರಲ್ಲೇ ರಸ್ತೆಯ ಬದಿಗೆ ಕಬ್ಬಿನ ಟ್ರ್ಯಾಕ್ಟರ್ ನಿಂತಿರಬಹುದು. ದ್ರಾಕ್ಷಿ ತೋಟದ ಕೆಲಸ ಮುಗಿಸಿದ ಹೆಣ್ಣುಮಕ್ಕಳು ನಡೆದು ಬರುತ್ತಿರಬಹುದು.

ನನ್ನ ಮಗ ಮನೆಯಂಗಳದಲ್ಲೇ ಹಳೆಯ ಕಾರಿನ ದೀಪ ಬಿಚ್ಚಿ, 60/55 ವ್ಯಾಟಿನ ಬಲ್ಬಿನ ಜಾಗದಲ್ಲಿ 100/90ರದು ಹಾಕಿದ. "ಎದುರಿಗಿನವ್ರು ಡಿಪ್ ಮಾಡೂದಿಲ್ಲವ್ವಾ, ನಾ ಒಬ್ಬಾಂವ ಯಾಕ ಮಾಡ್ಲಿ?" ಎಂಬುದು ಅವನ ವಾದ. ಹ್ಯಾಲೊಜೆನ್ ಬಲ್ಬಿಗೆ ಕೊಟ್ಟ ವಿದ್ಯುತ್ತಿನಲ್ಲಿ ಬಹುಪಾಲು ಬಿಸಿಯಾಗಿಯೇ ಹೋಗುತ್ತದೆ. ಅದೇ ತೆಳು ವೈರು, ಅದೇ ಪ್ಲಾಸ್ಟಿಕ್ ಹೋಲ್ಡರು ಎಷ್ಟು ತಾಳೀತು? ಕೆಲವೇ ತಿಂಗಳಲ್ಲಿ ಹೋಲ್ಡರು ಕರಗಿ ಸುಟ್ಟ ವಾಸನೆ ಬಂತು. ಆಮೇಲೆ ರಿಲೇ, ದಪ್ಪ ವೈರು, ಪಿಂಗಾಣಿಯ ಹೋಲ್ಡರು ತಂದು ಬಿಸಿಯನ್ನು ಪಳಗಿಸಿದ. ಈಗ ಕಾರು ತಡೆದುಕೊಳ್ಳುತ್ತದೆ, ಸರಿ. ಎದುರಿನವರ ಕಣ್ಣಿಗೆ ಯಾವ ರಿಲೇ ಹಾಕುವುದು?

ಎಂಟು ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕುಕ್ಕದಂತೆ ಬೆಳಕು ಕೆಳಮುಖವಾಗಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಆ ಎತ್ತರ ಹೆಚ್ಚುಕಡಿಮೆ ನಿಂತ ಹೆಂಗಸಿನ ಕಣ್ಣಿನ ಎತ್ತರ! ಹ್ಯಾಲೊಜೆನ್‌ಗೆಂದು ಮಾಡಿದ ದೀಪದೊಳಗೆ ಎಲ್‌ಇಡಿ ತುರುಕಿದರೂ ಬೆಳಕು ಚೆದುರಿ ಮೇಲಕ್ಕೇಳುವುದುಂಟು. 2024ರ ಜುಲೈಯಲ್ಲಿ ರಾಜ್ಯದ ಪೊಲೀಸರು ಇಂಥ ದೀಪಗಳ ಮೇಲೆ ಪ್ರಕರಣ ಹಾಕತೊಡಗಿದರು. ಆದರೆ ಪ್ರತಿ ತಿರುವಿನಲ್ಲೂ ಪೊಲೀಸರು ನಿಲ್ಲಲಾದೀತೇ?

ಮಗನ ವಾದದಲ್ಲಿ ಸತ್ಯವಿಲ್ಲವೆನ್ನಲಾರೆ. ರಸ್ತೆ ಕತ್ತಲು; ಅವನಿಗೂ ಕಾಣಬೇಕು, ಅವನೂ ಕ್ಷೇಮವಾಗಿ ಮನೆ ಸೇರಬೇಕು. ಅದಕ್ಕೆ ಗಾಜು ಒರೆಸಿ, ದೀಪದ ಮುಖ ಸರಿಯಾಗಿ ಹೊಂದಿಸಿದರೆ ಮೊದಲಿನ ಬಲ್ಬೇ ಎಷ್ಟೋ ವಾಸಿ. ಉಳಿದದ್ದು ಸೇಡು. ಅವನ ಕಣ್ಣು ಕುಕ್ಕಿದವನು ಆಗಲೇ ದಾಟಿ ಹೋಗಿದ್ದಾನೆ. ಶಿಕ್ಷೆ ಅವನ ಹಿಂದೆ ಬಂದವರಿಗೆ. ಅವರಲ್ಲಿ ಕೈಯಲ್ಲಿ ಯಾವ ದೀಪವೂ ಇಲ್ಲದೆ ನಡೆಯುವವಳೂ ಇದ್ದಾಳೆ.

ಹಿಂದೆ ಕಂದೀಲು ಹಿಡಿದು ದಾರಿ ತೋರಿಸುವವರು ಅದನ್ನು ಬಂದವರ ಕಾಲಿನ ಕಡೆ ಇಳಿಸಿ ಹಿಡಿಯುತ್ತಿದ್ದರು. ಮುಖಕ್ಕೆ ಹಿಡಿದರೆ ಅದು ಅಪಮಾನ. ಬಂದವರು ಗುರುತಿನವರೇ ಆಗಬೇಕೆಂದಿರಲಿಲ್ಲ. ಡಿಪ್ ಮಾಡಿದ್ದಕ್ಕೆ ಯಾರೂ ಬಂದು ಉಪಕಾರ ಹೇಳುವುದಿಲ್ಲ, ನಿಜ. ಉಪಕಾರ ಹೇಳಿಸಿಕೊಳ್ಳದೆಯೂ ಮಾಡುವುದನ್ನೇ ಅಲ್ಲವೇ, ನಾವು ಮಕ್ಕಳಿಗೆ ಮರ್ಯಾದೆ ಎಂದು ಕಲಿಸಬೇಕಾದದ್ದು?